ಚಿಕಿತ್ಸಕರೂ ನ್ಯಾಯಾಲಯದ ಮನಃಶಾಸ್ತ್ರಜ್ಞರೂ

ಪ್ರಶ್ನೆ: ಚಿಕ್ಕಬಳ್ಳಾಪುರ ಜಿಲ್ಲೆಯ ಊರುಗಳಲ್ಲಿ ಮನಸ್ಸಿನ ತೊಂದರೆಗೆ ಯಾರನ್ನು ಕಾಣಬೇಕು? ವಿಧಿವಿಜ್ಞಾನ ಮನಃಶಾಸ್ತ್ರಜ್ಞರು ಅದಕ್ಕೆ ಆಗುತ್ತಾರೆಯೇ?

ಉತ್ತರ: ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಜನ ನೇರವಾಗಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಸ್ಸು ಹತ್ತುವ ಮೊದಲು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ತಾಲ್ಲೂಕು ಆಸ್ಪತ್ರೆಯಲ್ಲೇ ವಿಚಾರಿಸುವುದು ಒಳಿತು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿಯೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಮನೋವೈದ್ಯರೆಂದರೆ ವೈದ್ಯ ಪದವಿ ಪಡೆದು ಔಷಧ ಬರೆದುಕೊಡುವವರು. ಚಿಕಿತ್ಸಾ ಮನಃಶಾಸ್ತ್ರಜ್ಞರು ಪರೀಕ್ಷೆ ಮತ್ತು ಮಾತಿನ ಮೂಲಕ ಚಿಕಿತ್ಸೆ ನೀಡುವವರು. ನೋಂದಣಿಯಿಲ್ಲದವರೂ ಬೋರ್ಡು ಹಾಕಿಕೊಂಡಿರಬಹುದಾದ್ದರಿಂದ, ಚಿಕಿತ್ಸಾ ಮನಃಶಾಸ್ತ್ರಜ್ಞರ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯನ್ನು ಕೇಳಲು ಸಂಕೋಚ ಬೇಕಿಲ್ಲ.

ವಿಧಿವಿಜ್ಞಾನ ಮನಃಶಾಸ್ತ್ರಜ್ಞರ ಕೆಲಸವೇ ಬೇರೆ. ಆರೋಪಿಗೆ ವಿಚಾರಣೆಯನ್ನು ಅರ್ಥಮಾಡಿಕೊಳ್ಳುವ ಶಕ್ತಿಯಿದೆಯೇ, ಕೃತ್ಯದ ವೇಳೆ ಆತನ ಮನಸ್ಥಿತಿ ಹೇಗಿತ್ತು, ಪೋಷಕರ ವಿಚ್ಛೇದನದಲ್ಲಿ ಮಗುವಿನ ಹಿತ ಎಲ್ಲಿದೆ ಎಂಬಂಥ ಪ್ರಶ್ನೆಗಳನ್ನು ಪರಿಶೀಲಿಸಿ ಅವರು ವರದಿ ಕೊಡುತ್ತಾರೆ. ಆ ವರದಿ ನ್ಯಾಯಾಲಯಕ್ಕೆ ಸಲ್ಲುವುದರಿಂದ, ಚಿಕಿತ್ಸಕರ ಬಳಿ ಇರುವ ಗೋಪ್ಯತೆಯ ಭರವಸೆ ಅಲ್ಲಿರುವುದಿಲ್ಲ. ಸುಳ್ಳುಪತ್ತೆ, ಮಂಪರು ಪರೀಕ್ಷೆಗಳೇ ಈ ಶಾಸ್ತ್ರವೆಂಬ ನಂಬಿಕೆಯನ್ನು ಟಿ.ವಿ. ಸುದ್ದಿಗಳು ಬೆಳೆಸಿವೆ. ಆದರೆ ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ, ಒಪ್ಪಿಗೆಯಿಲ್ಲದೆ ಯಾರನ್ನೂ ಇಂಥ ಪರೀಕ್ಷೆಗೆ ಒಳಪಡಿಸುವಂತಿಲ್ಲವೆಂದೂ, ಒಪ್ಪಿದರೂ ಪರೀಕ್ಷೆಯ ಫಲಿತಾಂಶ ತಾನಾಗಿಯೇ ಸಾಕ್ಷ್ಯವಾಗದೆಂದೂ ತೀರ್ಪಿತ್ತಿತು.