ಕಾಯುವವರ ಭರವಸೆ

ಆಗಮನ ಕಾಲವೆಂದರೆ ಕ್ರೈಸ್ತರಿಗೆ ಕಾಯುವ ಕಾಲ. ನವೆಂಬರ್ ತಿಂಗಳಿಡೀ ಮೃತರನ್ನು ಸ್ಮರಿಸಿ, ಸಮಾಧಿಗಳ ಮೇಲೆ ಹೂವಿಟ್ಟು ಮೇಣದ ಬತ್ತಿ ಹಚ್ಚಿದ ಕೈಗಳೇ ಆ ತಿಂಗಳು ಮುಗಿಯುತ್ತಿದ್ದಂತೆ ಆಗಮನ ಕಾಲದ ಮೊದಲ ಬತ್ತಿಯನ್ನು ಹಚ್ಚುತ್ತವೆ. ದುಃಖದ ಬೆನ್ನಿಗೇ ನಿರೀಕ್ಷೆಯನ್ನು ಇರಿಸಿರುವುದರಲ್ಲಿ ಧರ್ಮಸಭೆಯ ವಿವೇಕವಿದೆ. ಆದರೆ ಆ ವರ್ಷವೇ ಸಾವು ಕಂಡ ಮನೆಗೆ ಈ ದಿನಗಳು ಸುಲಭವಲ್ಲ. ಬೀದಿಯುದ್ದಕ್ಕೂ ನಕ್ಷತ್ರದೀಪಗಳು ಬೆಳಗುವಾಗ ಆ ಮನೆಯ ಬಾಗಿಲು ಕತ್ತಲಲ್ಲಿರುತ್ತದೆ. ಅಂಥವರಿಗೆ ಭರವಸೆ ಇಡಿರೆಂದು ಹೇಳುವ ಮೊದಲು, ಭರವಸೆಯೆಂದರೇನೆಂಬುದನ್ನು ನಾವು ವಿಚಾರಿಸಿಕೊಳ್ಳಬೇಕು.

ಬೆಂಗಳೂರಿನ ಕ್ರೈಸ್ತರು ಹೀಗೆ ದುಃಖದಲ್ಲಿ ಕಾದ ಒಂದು ದೀರ್ಘ ಕಾಲವನ್ನು ಇಲ್ಲಿ ನೆನೆಯುವುದು ಉಚಿತ. 2016ರ ಮಾರ್ಚ್ 4, ತಪಸ್ಸುಕಾಲದ ಒಂದು ಶುಕ್ರವಾರ. ಯೆಮನ್ ದೇಶದ ಏಡನ್ ನಗರದಲ್ಲಿ ಮದರ್ ತೆರೇಸಾರ ಸಭೆಯ ಕನ್ಯಾಭಗಿನಿಯರು ನಡೆಸುತ್ತಿದ್ದ ವೃದ್ಧಾಶ್ರಮಕ್ಕೆ ಬಂದೂಕುಧಾರಿಗಳು ನುಗ್ಗಿ 16 ಮಂದಿಯನ್ನು ಕೊಂದರು. ಅವರಲ್ಲಿ ನಾಲ್ವರು ಕನ್ಯಾಭಗಿನಿಯರು: ಭಾರತದ ಸಿಸ್ಟರ್ ಆನ್ಸೆಲ್ಮ್, ರುವಾಂಡದ ಸಿಸ್ಟರ್ ಮಾರ್ಗರೀಟ್ ಮತ್ತು ಸಿಸ್ಟರ್ ರೆಜಿನೆಟ್, ಕೆನ್ಯಾದ ಸಿಸ್ಟರ್ ಜೂಡಿತ್. ಅಲ್ಲಿದ್ದ ಧರ್ಮಗುರು ಫಾದರ್ ಟಾಮ್ ಉಳುನ್ನಾಲಿಲ್‌ರನ್ನು ಅಪಹರಿಸಿದರು. ಕೇರಳದ ರಾಮಪುರಂನವರಾದ ಅವರು ಸಲೇಷಿಯನ್ ಸಭೆಯ ಬೆಂಗಳೂರು ಪ್ರಾಂತ್ಯಕ್ಕೆ ಸೇರಿದವರು. ಸಮುದ್ರದಾಚೆಯ ಆ ದುಃಖ ಹೀಗೆ ನಮ್ಮ ನಗರದ ದುಃಖವೂ ಆಯಿತು.

ಆ ವರ್ಷದ ಪವಿತ್ರ ಶುಕ್ರವಾರ ಸಮೀಪಿಸಿದಾಗ ಅವರನ್ನು ಶಿಲುಬೆಗೇರಿಸಲಾಗುವುದೆಂಬ ವದಂತಿ ಹಬ್ಬಿತು. ತಮಗೆ ಯಾವ ಮಾಹಿತಿಯೂ ಇಲ್ಲವೆಂದಷ್ಟೇ ಬೆಂಗಳೂರಿನ ಸಲೇಷಿಯನ್ ಗುರುಗಳು ಹೇಳಬಲ್ಲವರಾಗಿದ್ದರು. ವದಂತಿ ಸುಳ್ಳಾಯಿತು, ಆದರೆ ಸತ್ಯವೇನೆಂಬುದೂ ತಿಳಿಯಲಿಲ್ಲ. ಕ್ರಿಸ್ಮಸ್ಸಿನ ಮರುದಿನ, ಗಡ್ಡ ಬೆಳೆದು ಬಳಲಿದ್ದ ಅವರು ತಮ್ಮನ್ನು ಬಿಡಿಸಬೇಕೆಂದು ಅಂಗಲಾಚುವ ದೃಶ್ಯಸುರುಳಿಯೊಂದು ಹೊರಬಂದಿತು. ಕೊನೆಗೆ, ಒಮಾನ್ ಸರಕಾರದ ನೆರವಿನಿಂದ, 2017ರ ಸೆಪ್ಟೆಂಬರ್ 12ರಂದು ಅವರು ಬಿಡುಗಡೆ ಹೊಂದಿದರು. ಅಪಹರಣದಿಂದ ಬಿಡುಗಡೆಯವರೆಗೆ ಕಳೆದದ್ದು 557 ದಿನಗಳು. ಅದೇ ತಿಂಗಳ ಕೊನೆಯಲ್ಲಿ ಅವರು ಬೆಂಗಳೂರಿಗೆ ಬಂದಾಗ ಅನೇಕರ ಕಣ್ಣುಗಳು ತುಂಬಿದವು.

ಈ ಘಟನೆಯನ್ನು ನಾನು ಒಮ್ಮೆ ಪ್ರಬೋಧನೆಯಲ್ಲಿ ಪ್ರಸ್ತಾಪಿಸಿದೆ. ಪೂಜೆಯ ನಂತರ ಅಮೃತಹಳ್ಳಿಯ ತಾಯಿಯೊಬ್ಬರು ಬಂದು ಕೇಳಿದರು: “ಸ್ವಾಮಿ, ಆ ಫಾದರ್‌ಗಾಗಿ ಜಪಮಾಲೆ ಹೇಳಿದೆವು, ಅವರು ಬಂದರು. 2021ರಲ್ಲಿ ಕೊರೋನಾ ಬಂದಾಗ ನನ್ನ ಮಗನಿಗಾಗಿಯೂ ಹೇಳಿದೆವು. ಅವನು ಆಸ್ಪತ್ರೆಯಿಂದ ಬರಲಿಲ್ಲ. ನಮ್ಮ ಜಪದಲ್ಲೇನು ಕೊರತೆಯಿತ್ತು?”

ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವ ಉಪದೇಶಕ್ಕೆ ಬೆಲೆಯಿಲ್ಲ. ಬಂದವರೊಬ್ಬರನ್ನೇ ತೋರಿಸಿ ಭರವಸೆಯನ್ನು ಸಾಬೀತುಪಡಿಸಿದರೆ, ಬಾರದವರ ಮನೆಯವರಿಗೆ ನಾವು ಅನ್ಯಾಯ ಮಾಡಿದಂತೆ. ಏಡನ್ನಿನಿಂದ ಆ ನಾಲ್ವರು ಕನ್ಯಾಭಗಿನಿಯರೂ ಜೀವಂತವಾಗಿ ಬರಲಿಲ್ಲವಲ್ಲ!

ಸಂತ ತೋಮಸ್ ಅಕ್ವೀನಾಸರು 13ನೆಯ ಶತಮಾನದಲ್ಲಿಯೇ ಇದನ್ನು ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ಅವರ ಪ್ರಕಾರ ಭರವಸೆಯ ಗುರಿಗೆ ನಾಲ್ಕು ಲಕ್ಷಣಗಳಿವೆ. ಅದು ಒಳಿತಾಗಿರಬೇಕು, ಮುಂದೆ ಬರತಕ್ಕದ್ದಾಗಿರಬೇಕು, ದುಸ್ಸಾಧ್ಯವಾಗಿರಬೇಕು, ಆದರೂ ಅಸಾಧ್ಯವಾಗಿರಬಾರದು. ಸುಲಭವಾಗಿ ಕೈಗೆಟಕುವುದಕ್ಕೆ ಭರವಸೆ ಬೇಕಿಲ್ಲ. ಖಂಡಿತ ಆಗದೆಂದು ತಿಳಿದಲ್ಲಿ ಉಳಿಯುವುದು ಹತಾಶೆ. ಕ್ರೈಸ್ತನ ಪರಮ ಗುರಿಯಾದರೋ ದೇವರೇ. ದೇವರ ನೆರವಿನಿಂದ ಮಾತ್ರ ಅದು ಸಾಧ್ಯ.

ಫ್ರಾನ್ಸಿನ ದಾರ್ಶನಿಕ ಗೇಬ್ರಿಯಲ್ ಮಾರ್ಸೆಲ್ ಇದನ್ನೇ ಬದುಕಿನಿಂದ ಕಲಿತರು. ಮೊದಲನೆಯ ಮಹಾಯುದ್ಧದಲ್ಲಿ ಅವರು ರೆಡ್‌ಕ್ರಾಸ್ ಸಂಸ್ಥೆಯಲ್ಲಿದ್ದು, ಕಾಣೆಯಾದ ಸೈನಿಕರ ಸುಳಿವು ಹುಡುಕಿ ಅವರ ಮನೆಯವರಿಗೆ ತಿಳಿಸುವ ಕೆಲಸ ಮಾಡಿದರು. ಪಟ್ಟಿಯಲ್ಲಿ ಬರಿಯ ಹೆಸರಾಗಿದ್ದುದು, ಹುಡುಕಿ ಬಂದ ತಾಯಿಗೆ ಮಗನಾಗಿತ್ತು. ಮುಂದೆ ಕಥೋಲಿಕರಾದ ಈ ಚಿಂತಕರು ಆಶಾವಾದ ಬೇರೆ, ಭರವಸೆ ಬೇರೆಯೆಂದು ಬೋಧಿಸಿದರು. ಆಶಾವಾದಿ ದೂರದಲ್ಲಿ ನಿಂತು ಫಲಿತಾಂಶವನ್ನು ಲೆಕ್ಕ ಹಾಕುತ್ತಾನೆ; ಭರವಸೆಯುಳ್ಳವನು ಒಬ್ಬ ವ್ಯಕ್ತಿಯ ಮೇಲೆ ತನ್ನ ಭಾರವನ್ನು ಹಾಕುತ್ತಾನೆ. ಲೆಕ್ಕ ತಪ್ಪಿದಾಗ ಆಶಾವಾದ ಮುಗಿಯುತ್ತದೆ. ಸಂಬಂಧ ಮುಗಿಯುವುದಿಲ್ಲ.

ಈ ಬೆಳಕಿನಲ್ಲಿ ಏಡನ್ನಿನ ಆ ಕನ್ಯಾಭಗಿನಿಯರನ್ನು ನೋಡಿರಿ. ಯುದ್ಧ ಭುಗಿಲೆದ್ದಾಗಲೂ ಅವರು ದಿಕ್ಕಿಲ್ಲದ ವೃದ್ಧರನ್ನು ಬಿಟ್ಟು ಹೊರಡಲಿಲ್ಲ. ತಮ್ಮ ಪ್ರಾಣ ಉಳಿದೀತೆಂಬ ಖಾತರಿ ಅವರಿಗಿರಲಿಲ್ಲ. ತಮ್ಮನ್ನು ಕರೆದವನು ಕೈಬಿಡಲಾರನೆಂಬ ಭರವಸೆಯಿತ್ತು. ಬಂಧನದಲ್ಲಿದ್ದ ಫಾದರ್ ಟಾಮ್‌ರಿಗೆ ರೊಟ್ಟಿಯೂ ಇರಲಿಲ್ಲ, ದ್ರಾಕ್ಷಾರಸವೂ ಇರಲಿಲ್ಲ. ಆದರೂ ಅವರು ಬಲಿಪೂಜೆಯ ಪ್ರಾರ್ಥನೆಗಳನ್ನು ನೆನಪಿನಿಂದಲೇ ಹೇಳಿಕೊಳ್ಳುತ್ತಿದ್ದರು. ಬಿಡುಗಡೆಯ ದಿನ ಗೊತ್ತಿಲ್ಲದವನಿಗೆ ಆ ದಿನದ ಪ್ರಾರ್ಥನೆ ಗೊತ್ತಿತ್ತು. ಸತ್ತವರಲ್ಲಿಯೂ ಬದುಕಿದವರಲ್ಲಿಯೂ ಇದ್ದ ಭರವಸೆ ಒಂದೇ. ಜಪಮಾಲೆ ಹಿಡಿದು ಮಗನ ಹಾಸಿಗೆಗಾಗಿ ಕಾದ ತಾಯಿಯ ಭರವಸೆಯೂ ಅದೇ. ಅವರ ಜಪದಲ್ಲಿ ಕೊರತೆಯಿರಲಿಲ್ಲ. ಕ್ರಿಸ್ತನೇ ಗೆತ್ಸೆಮನೆ ತೋಟದಲ್ಲಿ ಆ ಪಾತ್ರೆ ತನ್ನಿಂದ ತೊಲಗಲೆಂದು ಬೇಡಿದನು, ಅದು ತೊಲಗಲಿಲ್ಲ. ಆದರೆ ತಂದೆ ಅವನನ್ನು ಸಮಾಧಿಯಲ್ಲಿ ಬಿಡಲಿಲ್ಲ. ಆ ಮಗನನ್ನೂ ನಾವು ಒಪ್ಪಿಸಿರುವುದು ಅದೇ ತಂದೆಯ ಕೈಗೆ.

ಹಾಗಾದರೆ ಕಾಯುವವರ ಜೊತೆ ನಾವು ಹೇಗಿರಬೇಕು? ಎಮ್ಮಾವು ಹಾದಿಯಲ್ಲಿ ಪುನರುತ್ಥಾನ ಹೊಂದಿದ ಪ್ರಭು ನಡೆದುಕೊಂಡ ರೀತಿ ನಮಗೆ ಮಾದರಿ. ಆ ಇಬ್ಬರು ಶಿಷ್ಯರು ತಮ್ಮ ಭರವಸೆಯನ್ನು ಮುಗಿದುಹೋದ ಸಂಗತಿಯೆಂಬಂತೆ ಮಾತಾಡುತ್ತಿದ್ದರು. ಪ್ರಭು ಮೊದಲು ಅವರ ಹೆಜ್ಜೆಗೆ ಹೆಜ್ಜೆ ಹಾಕಿದನು, ಏನಾಯಿತೆಂದು ಕೇಳಿದನು, ಅವರ ದುಃಖವನ್ನು ಪೂರ್ತಿ ಹೇಳಗೊಟ್ಟನು. ಶಾಸ್ತ್ರವನ್ನು ವಿವರಿಸಿದ್ದು ಆಮೇಲೆ. ಅವರು ಗುರುತಿಸಿದ್ದು ಊಟದ ಮೇಜಿನ ಬಳಿ.

ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ನಗರಕ್ಕೆ ಬರುವ ಬಳ್ಳಾರಿ ರಸ್ತೆ ನಮ್ಮ ಅಮೃತಹಳ್ಳಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಹೊರನಾಡಿನಿಂದ ಮರಳಿದವರನ್ನು ಕರೆತರುವುದೂ ಆ ರಸ್ತೆಯೇ, ರೋಗಿಗಳನ್ನು ಆಸ್ಪತ್ರೆಗೆ ಒಯ್ಯುವುದೂ ಆ ರಸ್ತೆಯೇ. ಅದರ ಇಕ್ಕೆಲಗಳಲ್ಲಿ ಕಾಯುತ್ತಿರುವ ಮನೆಗಳು ಎಷ್ಟೋ ಇವೆ. ಈ ಆಗಮನ ಕಾಲದಲ್ಲಿ ಅಂಥ ಒಂದು ಮನೆಗೆ ಹೋಗಿ ಬನ್ನಿರಿ. ಎಲ್ಲ ಸರಿಹೋಗುತ್ತದೆಂದು ಹೇಳಲು ಅವಸರಪಡಬೇಡಿರಿ. ಅಗಲಿದವರ ಹೆಸರನ್ನು ಹೇಳಿ ಮಾತಾಡಿರಿ, ಕೇಳಿರಿ, ಒಟ್ಟಿಗೆ ಊಟ ಮಾಡಿರಿ, ಕೊನೆಯಲ್ಲಿ ಒಂದು ‘ಪರಲೋಕ ಮಂತ್ರ’ವನ್ನು ಜೊತೆಯಾಗಿ ಹೇಳಿರಿ. ಬರಲಿರುವ ಪ್ರಭು ಆ ಮನೆಯ ಬಾಗಿಲನ್ನೂ ಬಲ್ಲನು. ಆತನು ಬರುವವರೆಗೆ ಅಲ್ಲಿ ಒಂದು ದೀಪ ಉರಿಯುತ್ತಿರಲಿ.