ಹಿತ್ತಲ ಹುಂಜಕ್ಕೆ ಗಿರಾಕಿ ಯಾರು?

ಮನೆಯಲ್ಲಿ ಕೋಳಿ ಸಾಕುವ ಆಸೆ ಹುಟ್ಟುವುದು ಮೊಟ್ಟೆಯಿಂದ; ಅದಕ್ಕೆ ಪೇಚಾಟ ಬಂದು ಸೇರುವುದು ಹುಂಜದಿಂದ. ಹಿತ್ತಲು ಇನ್ನೂ ಉಳಿದಿರುವ ಮನೆಯ ಗೃಹಿಣಿ ನಾಟಿ ಹೇಂಟೆಯೊಂದರ ಅಡಿಯಲ್ಲಿ 12 ಮೊಟ್ಟೆಗಳನ್ನಿಟ್ಟು ಕಾವಿಗೆ ಕೂರಿಸುತ್ತಾಳೆ. 21ನೆಯ ದಿನ ಹತ್ತು ಮರಿಗಳು ಹೊರಬಂದರೆ ಮನೆಮಂದಿಗೆಲ್ಲ ಸಂಭ್ರಮ. ಹದ್ದು, ಬೆಕ್ಕು, ಮುಂಗುಸಿಗಳ ಕಣ್ಣು ತಪ್ಪಿಸಿ ಅವುಗಳನ್ನು ದೊಡ್ಡವು ಮಾಡಿದ ಮೇಲೆ ನೋಡಿದರೆ, ಅವುಗಳಲ್ಲಿ ಐದಕ್ಕೆ ಕೆಂಪು ಜುಟ್ಟು! ಹತ್ತು ಹೇಂಟೆಗಳಿಗೆ ಒಂದು ಹುಂಜವಿದ್ದರೆ ಧಾರಾಳವಾಗಿ ಸಾಕು. ಉಳಿದ ನಾಲ್ಕರ ಗತಿಯೇನು?

ಇದರಲ್ಲಿ ಗೃಹಿಣಿಯ ತಪ್ಪೂ ಇಲ್ಲ, ಹುಂಜದ ತಪ್ಪೂ ಇಲ್ಲ. ಪಕ್ಷಿಗಳಲ್ಲಿ ಮರಿಯ ಲಿಂಗವನ್ನು ನಿರ್ಧರಿಸುವುದು ತಾಯಿಯ ಅಂಡ. ಅದರಲ್ಲಿ ಎರಡು ಬಗೆಯುಂಟು, ಎರಡೂ ಸರಿಸುಮಾರು ಸಮಪಾಲು. ಉದ್ದನೆಯ ಮೊಟ್ಟೆಯಲ್ಲಿ ಗಂಡು, ದುಂಡನೆಯದರಲ್ಲಿ ಹೆಣ್ಣು ಎಂದು ಹೇಳುವ ಅಜ್ಜಿಯರಿಗೆ ನಮಸ್ಕರಿಸಬಹುದೇ ಹೊರತು ಅವರ ಮಾತನ್ನು ನಂಬಿ ಮೊಟ್ಟೆ ಆರಿಸುವಂತಿಲ್ಲ. ಒಂದು ದಿನದ ಮರಿಯ ಗುದದ್ವಾರವನ್ನು ಪರೀಕ್ಷಿಸಿ ಗಂಡು ಹೆಣ್ಣು ತಿಳಿಯುವ ವಿದ್ಯೆಯನ್ನು 1920ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ದೊಡ್ಡ ದೊಡ್ಡ ಮೊಟ್ಟೆ ಉದ್ಯಮಗಳು ಅದನ್ನು ಬಳಸಿದ್ದು ಗಂಡುಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವುದಕ್ಕೆ. ಜರ್ಮನಿಯು 2022ರ ಆರಂಭದಿಂದ ಈ ಕೊಲೆಯನ್ನು ಕಾನೂನಿನಿಂದ ನಿಲ್ಲಿಸಿತು. ಹಿತ್ತಲಿನಲ್ಲಿ ಮಾತ್ರ ಗಂಡುಮರಿಯೂ ಹೆಣ್ಣುಮರಿಯಷ್ಟೇ ಅಕ್ಕರೆಯಿಂದ ಬೆಳೆಯುತ್ತದೆ. ತೊಡಕು ಹುಟ್ಟುವುದೂ ಅಲ್ಲಿಯೇ.

ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಹುಂಜಗಳು ಕೂಗಲು ಕಲಿಯುತ್ತವೆ. ಅವು ಸೂರ್ಯನನ್ನು ಕಂಡು ಕೂಗುವುದಿಲ್ಲ. ದೇಹದೊಳಗಿನ ಗಡಿಯಾರವೇ ಬೆಳಕಿಗೆ ಮುಂಚೆ ಅವುಗಳನ್ನು ಎಚ್ಚರಿಸುತ್ತದೆಂದು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿಕೊಟ್ಟರು. ಗುಂಪಿನ ಯಜಮಾನ ಹುಂಜ ಮೊದಲು ಕೂಗುತ್ತದೆ, ಉಳಿದವು ಅಂತಸ್ತಿಗನುಸಾರವಾಗಿ ಹಿಂಬಾಲಿಸುತ್ತವೆ ಎಂಬುದನ್ನೂ 2015ರಲ್ಲಿ ಅವರೇ ತಿಳಿಸಿದರು. ಹೀಗಾಗಿ ಗಟ್ಟಿಗಂಟಲಿನ ಹುಂಜವೊಂದನ್ನು ಮಾರಿಬಿಟ್ಟರೆ ಪಕ್ಕದ ಮನೆಯವರಿಗೆ ನಿದ್ದೆ ಬರುತ್ತದೆಂದು ಭಾವಿಸುವುದು ವ್ಯರ್ಥ. ಎರಡನೆಯದಕ್ಕೆ ಬಡ್ತಿಯಾಗುತ್ತದೆ, ಅಷ್ಟೆ. ಇತ್ತ ಹುಂಜಗಳ ಕಾದಾಟದಲ್ಲಿ ಜುಟ್ಟಿನಿಂದ ನೆತ್ತರು ಸುರಿಯುತ್ತದೆ, ಹೇಂಟೆಗಳ ಬೆನ್ನಿನ ಪುಕ್ಕ ಉದುರುತ್ತದೆ. ರಾಗಿ, ಜೋಳ, ನುಚ್ಚು ಮಾತ್ರ ದಿನವೂ ಖರ್ಚಾಗುತ್ತಲೇ ಇರುತ್ತದೆ. ಆರು ತಿಂಗಳು ಕಳೆದ ನಾಟಿ ಹುಂಜದ ತೂಕ ಹೆಚ್ಚುವುದು ಬಲು ನಿಧಾನ. ತಿಂದದ್ದೆಲ್ಲ ಕೂಗಿಗೂ ಕಾಳಗಕ್ಕೂ ಮೀಸಲು.

ಇಷ್ಟಾದ ಮೇಲೆ ಮನೆಯವರು ಗಿರಾಕಿಯನ್ನು ಹುಡುಕಲು ಹೊರಡುತ್ತಾರೆ. ಹೆಚ್ಚಿನವರು ಹೊರಡುವುದು ತಪ್ಪು ತಿಂಗಳಲ್ಲಿ! ಕೋಳಿಯ ಬೆಲೆ ಪಂಚಾಂಗವನ್ನು ನೋಡಿ ನಡೆಯುತ್ತದೆ. ಶ್ರಾವಣದಲ್ಲಿ ಎಷ್ಟೋ ಮನೆಗಳಲ್ಲಿ ಮಾಂಸದ ಪಾತ್ರೆಯೇ ಅಟ್ಟ ಸೇರುತ್ತದೆ. ಆಗ ಹುಂಜವನ್ನು ಹೊತ್ತು ಸಂತೆಗೆ ಹೋದವನಿಗೆ ವ್ಯಾಪಾರಿ ಹೇಳಿದ್ದೇ ಬೆಲೆ. ಅದೇ ಹುಂಜವನ್ನು ಪಿತೃಪಕ್ಷದವರೆಗೆ ಇರಿಸಿಕೊಂಡರೆ ಮಾತೇ ಬೇರೆ. ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ ಹಿರಿಯರಿಗೆ ಎಡೆಯಿಡುವ ಹಳೆಯ ಮೈಸೂರು ಸೀಮೆಯ ಮನೆಗಳು ನಾಟಿ ಕೋಳಿಯನ್ನೇ ಅರಸುತ್ತವೆ. ಎಲ್ಲಕ್ಕಿಂತ ದೊಡ್ಡ ದಿನವೆಂದರೆ ಯುಗಾದಿಯ ಮರುದಿನದ ವರ್ಷತೊಡಕು. ಮಂಡ್ಯ, ಮೈಸೂರು, ಬೆಂಗಳೂರು, ರಾಮನಗರಗಳ ಕಡೆ ಅಂದು ಮುದ್ದೆಯ ಪಕ್ಕದಲ್ಲಿ ಸಾರು ಇಲ್ಲದ ಮಾಂಸಾಹಾರಿ ಮನೆ ಅಪರೂಪ. ಬೇಸಗೆಯುದ್ದಕ್ಕೂ ನಡೆಯುವ ಮಾರಿಹಬ್ಬಗಳೂ ಇದರ ಬೆನ್ನಿಗೇ ಬರುತ್ತವೆ.

ಆದುದರಿಂದ ಗಿರಾಕಿಯ ಹುಡುಕಾಟ ಮೊಟ್ಟೆಯನ್ನು ಕಾವಿಗಿಡುವ ದಿನವೇ ಆರಂಭವಾಗಬೇಕು. ಮೂರು ವಾರ ಕಾವು, ಐದು ತಿಂಗಳು ಬೆಳವಣಿಗೆ. ಯುಗಾದಿಯಿಂದ ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ ಕೊನೆ ಇಲ್ಲವೇ ಅಕ್ಟೋಬರ್ ಮೊದಲ ಭಾಗದಲ್ಲಿ ಹೇಂಟೆಯನ್ನು ಕೂರಿಸಬೇಕಾಗುತ್ತದೆ. ಒಳ್ಳೆಯ ಬೆಲೆಗೆಂದು ವಿಪರೀತ ಕಾಯುವುದೂ ಸಲ್ಲದು. ಕೊಕ್ಕರೆ ರೋಗ ಹೊಕ್ಕರೆ ಕೆಲವೇ ದಿನಗಳಲ್ಲಿ ಗೂಡು ಬರಿದಾಗುತ್ತದೆ. ಮೊದಲೇ ಲಸಿಕೆ ಹಾಕಿಸಿರದ ಮನೆಗೆ ಔಷಧದಿಂದ ಆಮೇಲೆ ಪ್ರಯೋಜನವಿಲ್ಲ.

ಗಿರಾಕಿಗಳಲ್ಲಿಯೂ ತರಾವರಿ. ಸಾರಿಗೆ ಕೊಳ್ಳುವವರು ಕಾಲಿನ ಮುಳ್ಳನ್ನು ಮುಟ್ಟಿ ನೋಡುತ್ತಾರೆ. ಅದು ಗಿಡ್ಡಗಿದ್ದರೆ ಎಳೆಯ ಹುಂಜ, ಬೇಗ ಬೇಯುತ್ತದೆ. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಯ ಹುಂಜ ತೂಕದಲ್ಲಿ ನಾಟಿಯನ್ನು ಮೀರಿಸಿದರೂ ನಾಟಿಯೆಂದು ಹೇಳಿ ಅದನ್ನು ದಾಟಿಸಲಾಗದು, ಹಳೆಯ ಗಿರಾಕಿಗೆ ಕಾಲಿನ ದಪ್ಪವೇ ಸಾಕ್ಷಿ. ಹರಕೆಗೆ ಕೊಳ್ಳುವವರಿಗೆ ತೂಕಕ್ಕಿಂತ ಬಣ್ಣ ಮುಖ್ಯ, ಅಂಗಾಂಗಗಳಲ್ಲಿ ಊನವಿರಕೂಡದು. ದೇವಾಲಯದ ಆವರಣದಲ್ಲಿ ಪ್ರಾಣಿಬಲಿ ಕೊಡುವುದನ್ನು ಕರ್ನಾಟಕದಲ್ಲಿ 1959ರ ಕಾಯಿದೆ ನಿಷೇಧಿಸಿದೆಯೆಂಬುದು ಇಬ್ಬರಿಗೂ ತಿಳಿದಿರಬೇಕು. ಕರಾವಳಿಯಲ್ಲಿ ಹುಂಜದ ಎದೆ, ನಿಲುವು, ಕಣ್ಣುಗಳನ್ನು ಮೆಚ್ಚಿ ಕೇಳಿದ್ದಕ್ಕಿಂತ ಹೆಚ್ಚು ಹಣ ಕೊಡಲು ಒಬ್ಬ ಮುಂದೆ ಬಂದರೆ ಕೊಂಚ ತಡೆಯುವುದು ಲೇಸು. ಅವನ ಕಣ್ಣು ಕೋಳಿ ಅಂಕದ ಮೇಲಿರಬಹುದು. ಕಾಲಿಗೆ ಕತ್ತಿ ಕಟ್ಟಿ ಕಾದಿಸುವ ಆ ಆಟ 1960ರ ಪ್ರಾಣಿಹಿಂಸಾ ತಡೆ ಕಾಯಿದೆಯಂತೆ ಅಪರಾಧ. ಕೈಯಲ್ಲಿ ಕಾಳು ತಿನ್ನಿಸಿ ಬೆಳೆಸಿದ ಹಕ್ಕಿಗೆ ಅಂತಹ ಕೊನೆ ಬೇಕೆ?

ಸಂತೆಗೆ ಹೋಗುವ ಮುನ್ನ ಮನೆಯಲ್ಲಿಯೇ ಒಮ್ಮೆ ತೂಗಿ ಬರೆದಿಟ್ಟುಕೊಂಡವರು ಮೋಸ ಹೋಗುವುದು ಕಡಿಮೆ. ಮನೆಬಾಗಿಲಿಗೆ ಬರುವ ವ್ಯಾಪಾರಿ ತೂಕದ ಮಾತನ್ನೇ ಎತ್ತದೆ ಕಣ್ಣಂದಾಜಿನಲ್ಲಿ ಒಟ್ಟು ಬೆಲೆ ಹೇಳುತ್ತಾನೆ. ನಾಲ್ಕನ್ನೂ ಒಟ್ಟಿಗೆ ಕೇಳಿದರೆ ಚಿಕ್ಕದರ ಬೆಲೆಗೆ ದೊಡ್ಡದೂ ಹೊರಟುಹೋಗುತ್ತದೆ. ಬಿಡಿಬಿಡಿಯಾಗಿ ಮಾರುವುದೇ ಮೇಲು. ಎಲ್ಲಕ್ಕಿಂತ ನೇರವಾದ ಗಿರಾಕಿ ಓಣಿಯಲ್ಲಿಯೇ ಇರುತ್ತಾನೆ: ಹಬ್ಬಕ್ಕೆ ಮೂರು ವಾರ ಮೊದಲು ಹಾಲಿನವನಿಗೆ, ದಿನಸಿ ಅಂಗಡಿಯವನಿಗೆ ಒಂದು ಮಾತು ಹಾಕಿಟ್ಟರೆ ಸುದ್ದಿ ತಾನಾಗಿ ಹಬ್ಬುತ್ತದೆ.

ಇಷ್ಟೆಲ್ಲ ಲೆಕ್ಕಾಚಾರದ ನಡುವೆ ಮನೆಯ ಮಕ್ಕಳು ಒಂದು ಹುಂಜಕ್ಕೆ ಹೆಸರಿಟ್ಟಿರುತ್ತಾರೆ! ಗಿರಾಕಿ ಬಂದ ದಿನ ಅದು ಮಂಚದ ಕೆಳಗೆ ಅಡಗುತ್ತದೆ, ಮಗು ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಅಂತಹ ಹುಂಜಕ್ಕೂ ಒಂದು ದಾರಿಯುಂಟು. ಒಂದೇ ಹುಂಜ ತನ್ನ ಮರಿಗಳೊಡನೆಯೇ ಕೂಡುತ್ತ ಹೋದರೆ ಸಂತತಿ ಕುಗ್ಗುತ್ತದೆ, ಮೊಟ್ಟೆಗಳು ಮರಿಯಾಗದೆ ಉಳಿಯುತ್ತವೆ. ಆದುದರಿಂದ ಒಂದೆರಡು ವರ್ಷಗಳಿಗೊಮ್ಮೆ ಹೊರಗಿನ ಹುಂಜ ಬೇಕೆನ್ನುವ ಕೋಳಿಮನೆಗಳು ಸುತ್ತಲ ಹಳ್ಳಿಗಳಲ್ಲಿ ಇದ್ದೇ ಇರುತ್ತವೆ. ಅವರು ಹಣ ಕೊಡುವುದು ಕಡಿಮೆ; ಬದಲಿಗೆ ಒಂದು ಹೇಂಟೆಯನ್ನೋ, ಕಾವಿಗಿಡಲು ಒಂದು ಡಜನ್ ಮೊಟ್ಟೆಗಳನ್ನೋ ಕೊಡುತ್ತಾರೆ. ಆ ಮೊಟ್ಟೆಗಳಲ್ಲಿ ಅರ್ಧ ಹುಂಜವಾದರೆ ವ್ಯಾಪಾರ ಮತ್ತೆ ಮೊದಲಿನಿಂದ!