ಜೋಡಣೆಯ ಕೂಲಿ ಯಾರ ಲೆಕ್ಕಕ್ಕೆ?

ಸೈಕಲ್‌ಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5ಕ್ಕೆ ಇಳಿಯಿತು. 2011ರ ಜನಗಣತಿಯ ಪ್ರಕಾರ ದೇಶದ ಶೇ 44.8ರಷ್ಟು ಕುಟುಂಬಗಳಲ್ಲಿ ಸೈಕಲ್ ಇತ್ತು. ಸ್ಕೂಟರ್ ಅಥವಾ ಮೋಟಾರ್ ಸೈಕಲ್ ಇದ್ದವರು ಶೇ 21ರಷ್ಟು ಮಾತ್ರ. ಇಷ್ಟು ಜನರ ವಾಹನಕ್ಕೆ ದೊರೆತ ರಿಯಾಯಿತಿ ಸ್ವಾಗತಾರ್ಹವೇ. ಆದರೆ ಸೈಕಲ್ಲಿನ ನಿಜವಾದ ಬೆಲೆಯನ್ನು ತೆರಿಗೆಯೊಂದೇ ನಿರ್ಧರಿಸುವುದಿಲ್ಲ. ಅದನ್ನು ಜೋಡಿಸುವವರು ಯಾರು, ಜೋಡಣೆಯಲ್ಲಿ ಲೋಪವಾದರೆ ಹೊಣೆ ಯಾರದು ಎಂಬ ಪ್ರಶ್ನೆಗಳೂ ಬೆಲೆಯ ಭಾಗವೇ ಆಗಿವೆ. ಸರಣಿ ಮಳಿಗೆಗಳು ಅಗ್ಗದ ಸೈಕಲ್ಲನ್ನು ಡಬ್ಬಿಯಲ್ಲಿಟ್ಟು ಮಾರುತ್ತಿರುವ ಈ ದಿನಗಳಲ್ಲಿ ಆ ಪ್ರಶ್ನೆಗಳನ್ನು ಕೇಳುವುದು ಅಗತ್ಯ.

ನಿವೃತ್ತಿಯ ನಂತರ ಗ್ರಂಥಾಲಯ, ತರಕಾರಿ ಅಂಗಡಿ, ಬ್ಯಾಂಕು ಎಂದು ಎರಡು ಮೂರು ಕಿಲೋಮೀಟರಿನ ಓಡಾಟವೇ ನನಗೆ ಹೆಚ್ಚು. ಅದಕ್ಕೆಂದು ಒಂದು ಸೈಕಲ್ ಕೊಳ್ಳಲು ನಗರದ ಹೊರವಲಯದ ಸರಣಿ ಮಳಿಗೆಯೊಂದಕ್ಕೆ ಹೋದೆ. ಸುಮಾರು ಒಂದೇ ಬೆಲೆಗೆ ಎರಡು ಬಗೆಯವು ಅಲ್ಲಿದ್ದವು. ಒಂದರಲ್ಲಿ 21 ಗೇರು, ಮುಂದೆ ಸಸ್ಪೆನ್ಷನ್, ಎರಡೂ ಚಕ್ರಗಳಿಗೆ ಡಿಸ್ಕ್ ಬ್ರೇಕು. ಮತ್ತೊಂದು ಗೇರಿಲ್ಲದ, ಉಕ್ಕಿನ ಚೌಕಟ್ಟಿನ ಸಾದಾ ಸೈಕಲ್. ಯುವಕರು ಸಹಜವಾಗಿಯೇ ಮೊದಲನೆಯದರ ಸುತ್ತ ನೆರೆದಿದ್ದರು. ಅರ್ಥಶಾಸ್ತ್ರ ಓದಿದವನಿಗೆ ಇಲ್ಲಿ ಸರಳವಾದೊಂದು ಲೆಕ್ಕ ಕಾಣುತ್ತದೆ. ಒಟ್ಟು ಬೆಲೆ ಒಂದೇ ಆಗಿದ್ದು ಭಾಗಗಳ ಸಂಖ್ಯೆ ಹೆಚ್ಚಾದರೆ, ಪ್ರತಿ ಭಾಗಕ್ಕೆ ತಯಾರಕರು ವ್ಯಯಿಸಿದ ಹಣ ಕಡಿಮೆಯಾಗಿರಲೇಬೇಕು. ಕಣ್ಣಿಗೆ ಕಾಣುವ ಗೇರಿನ ಸಂಖ್ಯೆಗಾಗಿ ಕಣ್ಣಿಗೆ ಕಾಣದ ಬೇರಿಂಗು, ಹಬ್ಬು, ರಿಮ್ಮುಗಳಲ್ಲಿ ಉಳಿತಾಯ ನಡೆದಿರುತ್ತದೆ. ಕೊಳ್ಳುವವನಿಗಿಂತ ಮಾರುವವನಿಗೆ ಸರಕಿನ ಗುಣ ಹೆಚ್ಚು ತಿಳಿದಿರುವ ಮಾರುಕಟ್ಟೆಯ ಬಗ್ಗೆ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಬಂಧ ಹಳೆಯ ಕಾರುಗಳ ಉದಾಹರಣೆಯನ್ನು ಕೊಡುತ್ತದೆ. ಹೊಸ ಸೈಕಲ್ಲಿಗೂ ಅದು ಅನ್ವಯಿಸುತ್ತದೆ. ನಾನು 7,999 ರೂಪಾಯಿ ಕೊಟ್ಟು ಸಾದಾ ಸೈಕಲ್ಲನ್ನೇ ಆಯ್ದುಕೊಂಡೆ.

ಮಳಿಗೆಯಲ್ಲೇ ಜೋಡಿಸಿಕೊಡಬೇಕೆಂದರೆ ಮೂರು ದಿನ ಕಾಯಬೇಕಿತ್ತು. ಡಬ್ಬಿಯಲ್ಲೇ ಒಯ್ಯುವುದಾದರೆ ಆ ಕ್ಷಣವೇ ಒಯ್ಯಬಹುದಿತ್ತು. ಡಬ್ಬಿಯ ಮೇಲೆ ‘ಶೇ 85ರಷ್ಟು ಜೋಡಿಸಲಾಗಿದೆ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಹಿಂದಿನ ಚಕ್ರ, ಸರಪಳಿ, ಹಿಂದಿನ ಬ್ರೇಕು ಚೌಕಟ್ಟಿಗೆ ಸೇರಿಕೊಂಡೇ ಬರುತ್ತವೆ. ಮುಂದಿನ ಚಕ್ರ, ಹ್ಯಾಂಡಲ್, ಸೀಟು ಮತ್ತು ಪೆಡಲುಗಳನ್ನು ನಾವು ಕೂಡಿಸಬೇಕು. ಇದರ ಹಿಂದಿನ ತರ್ಕ ಸಾಗಣೆಯದು. ಪೂರ್ತಿ ಜೋಡಿಸಿದ ಸೈಕಲ್ ಲಾರಿಯಲ್ಲಿ ಆಕ್ರಮಿಸುವ ಜಾಗದ ಬಹುಪಾಲು ಬರಿಯ ಗಾಳಿ. ಬಿಚ್ಚಿ ಡಬ್ಬಿಯಲ್ಲಿಟ್ಟರೆ ಅದೇ ಲಾರಿಯಲ್ಲಿ ಇನ್ನೂ ಅನೇಕ ಸೈಕಲ್‌ಗಳು ಹಿಡಿಯುತ್ತವೆ.

ಇದೇನೂ ಹೊಸ ಪದ್ಧತಿಯಲ್ಲ. ಲೂಧಿಯಾನದಿಂದಲೋ ಮದರಾಸಿನಿಂದಲೋ ನಮ್ಮ ಊರುಗಳಿಗೆ ಬರುತ್ತಿದ್ದ ಸೈಕಲ್‌ಗಳೂ ಬಿಡಿಬಿಡಿಯಾಗಿಯೇ ಬರುತ್ತಿದ್ದವು. ಸೈಕಲ್ ಶಾಪಿನ ಕುಶಲಿ ಚಕ್ರದ ಓರೆ ತಿದ್ದಿ, ಬೇರಿಂಗಿಗೆ ಗ್ರೀಸು ತುಂಬಿ, ಬ್ರೇಕು ಸರಿಪಡಿಸಿ, ಒಂದು ಸುತ್ತು ತಾನೇ ತುಳಿದು ನೋಡಿ ಗಿರಾಕಿಯ ಕೈಗೆ ಒಪ್ಪಿಸುತ್ತಿದ್ದ. ಅವನ ಕೂಲಿ ಸೈಕಲ್ಲಿನ ಬೆಲೆಯೊಳಗೇ ಅಡಗಿರುತ್ತಿತ್ತು. ಈಗ ಆಗಿರುವ ಬದಲಾವಣೆಯೆಂದರೆ ಆ ಕೂಲಿ ಬೆಲೆಯಿಂದ ಹೊರಬಿದ್ದಿದೆ, ಕೆಲಸ ಮಾತ್ರ ಉಳಿದಿದೆ. ಮನೆಯೂ ಒಂದು ಉತ್ಪಾದನಾ ಘಟಕ, ಮನೆಮಂದಿಯ ಸಮಯಕ್ಕೂ ಬೆಲೆಯುಂಟು ಎಂದು ಗ್ಯಾರಿ ಬೆಕರ್ 1965ರಲ್ಲಿ ವಾದಿಸಿದ್ದರು. ಆ ದೃಷ್ಟಿಯಿಂದ ನೋಡಿದರೆ ಗಿರಾಕಿಯೇ ಇಲ್ಲಿ ಕಾರ್ಖಾನೆಯ ಕೊನೆಯ ಕಾರ್ಮಿಕ.

ಈ ಕೆಲಸ ಕಷ್ಟದ್ದಲ್ಲ. ಆದರೆ ಲಘುವಾಗಿ ಕಾಣುವಂಥದ್ದೂ ಅಲ್ಲ. ಎರಡು ಮೂರು ಅಲೆನ್ ಕೀಲಿಗಳು, ಪೆಡಲಿಗೆ 15 ಮಿ.ಮೀ. ಸ್ಪ್ಯಾನರು, ಸ್ವಲ್ಪ ಗ್ರೀಸು, ಒಂದು ಪಂಪು ಇದ್ದರೆ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಮೊದಲು ನೋಡಬೇಕಾದ್ದು ಮುಂದಿನ ಫೋರ್ಕಿನ ದಿಕ್ಕನ್ನು. ಡಬ್ಬಿಯಲ್ಲಿ ಅದು ಹಿಂದುಮುಂದಾಗಿ ತಿರುಗಿರಬಹುದು. ರಿಮ್ ಹಿಡಿಯುವ ಮುಂದಿನ ಬ್ರೇಕು ಫೋರ್ಕಿನ ಮುಂಬದಿಯಲ್ಲಿರಬೇಕು. ಸೀಟಿನ ಕಂಬಿಯ ಮೇಲೆ ಕನಿಷ್ಠ ಆಳವನ್ನು ಸೂಚಿಸುವ ಗೆರೆಯಿರುತ್ತದೆ. ಆ ಗೆರೆ ಚೌಕಟ್ಟಿನೊಳಗೆ ಮರೆಯಾಗಿಯೇ ಇರಬೇಕು. ಹ್ಯಾಂಡಲ್ ಬಿಗಿ ಮಾಡಿದ ಮೇಲೆ ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ತಿರುಚಿ ನೋಡಬೇಕು. ಅದು ಕದಲಿದರೆ ಸೈಕಲ್ ರಸ್ತೆಗಿಳಿಯಲು ಅನರ್ಹ.

ಅನೇಕರು ಎಡವುವುದು ಪೆಡಲಿನಲ್ಲಿ. ಬಲ ಪೆಡಲು ಎಲ್ಲ ತಿರುಪುಗಳಂತೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿಯಾಗುತ್ತದೆ, ಎಡ ಪೆಡಲು ಅದಕ್ಕೆ ವಿರುದ್ಧವಾಗಿ. ತುಳಿಯುತ್ತ ಹೋದಂತೆ ಪೆಡಲು ತಾನಾಗಿ ಸಡಿಲಗೊಂಡು ಕಳಚಬಾರದೆಂದೇ ಈ ಏರ್ಪಾಟು. ತಿಳಿಯದೆ ಬಲವಂತವಾಗಿ ಉಲ್ಟಾ ತಿರುಗಿಸಿದರೆ ಕ್ರ್ಯಾಂಕಿನ ತಿರುಪು ಸುತ್ತು ಕಿತ್ತುಹೋಗುತ್ತದೆ. ಬ್ರೇಕಿನ ರಬ್ಬರು ರಿಮ್ಮಿಗೆ ಮಾತ್ರ ತಾಗಬೇಕು. ಟೈರಿಗೆ ಉಜ್ಜಿದರೆ ಟೈರು ಹರಿಯುತ್ತದೆ, ಕೆಳಗೆ ಜಾರಿದರೆ ಕಡ್ಡಿಗಳಿಗೆ ಸಿಲುಕುತ್ತದೆ. ಗಾಳಿಯ ಒತ್ತಡ ಎಷ್ಟಿರಬೇಕೆಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಇಷ್ಟನ್ನು ಸ್ವತಃ ಮಾಡಿದವನಿಗೆ ತನ್ನ ವಾಹನದ ಪ್ರತಿ ತಿರುಪೂ ಪರಿಚಿತವಾಗುತ್ತದೆ. ಇದು ಸಣ್ಣ ಲಾಭವಲ್ಲ.

ಸಂಜೆ ಸೈಕಲ್ಲನ್ನು ನಮ್ಮ ಬಡಾವಣೆಯ ಮೂಲೆಯಲ್ಲಿ, ಮರದ ಕೆಳಗೆ ಪೆಟ್ಟಿಗೆಯಿಟ್ಟುಕೊಂಡಿರುವ ರಿಪೇರಿಗಾರರ ಬಳಿ ಒಯ್ದೆ. ಅವರು ಮುಂಭಾಗವನ್ನೆತ್ತಿ ಚಕ್ರವನ್ನೊಮ್ಮೆ ತಿರುಗಿಸಿ, ಅಚ್ಚಿನ ಕೋನು ಅತಿ ಬಿಗಿಯಾಗಿದೆ, ಹೀಗೇ ಓಡಿಸಿದರೆ ಕೆಲವೇ ತಿಂಗಳಲ್ಲಿ ಗುಂಡುಗಳು ಸವೆಯುತ್ತವೆ ಎಂದರು. ಅದು ನನ್ನ ಪಾಲಿನ ಶೇ 15ರದಲ್ಲ, ಕಾರ್ಖಾನೆಯ ಪಾಲಿನ ಶೇ 85ರ ಕೆಲಸ. ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಒತ್ತಿ ನೋಡಿ ಮೂರನ್ನು ಬಿಗಿಗೊಳಿಸಿದರು. ಇಪ್ಪತ್ತು ನಿಮಿಷದ ಆ ಕೆಲಸಕ್ಕೆ ಕೇಳಿದ್ದು 150 ರೂಪಾಯಿ, ಅಂದರೆ ಸೈಕಲ್ಲಿನ ಬೆಲೆಯ ಶೇ 2ಕ್ಕಿಂತ ಕಡಿಮೆ. ಮಳಿಗೆಯ ಅಗ್ಗದ ಬೆಲೆ ನಿಜವಾಗಿ ಅಗ್ಗವೆನಿಸಿಕೊಂಡದ್ದು ಈ ಮನುಷ್ಯ ಅಲ್ಲಿದ್ದುದರಿಂದ. ಆದರೆ ಮಾರಾಟದ ಲಾಭವೂ ಜೋಡಣೆಯ ಕೂಲಿಯೂ ಕೈತಪ್ಪಿದ ಮೇಲೆ, ಪಂಕ್ಚರಿನ ಆದಾಯವೊಂದನ್ನೇ ನಂಬಿ ಅವರು ಎಷ್ಟು ವರ್ಷ ಅಲ್ಲಿರಬಲ್ಲರು? ತಮ್ಮ ಮಗ ಈ ಕಸುಬಿಗೆ ಬರಲಿಲ್ಲ ಎಂದು ಅವರು ಹೇಳಿದಾಗ ದನಿಯಲ್ಲಿ ದೂರೇನೂ ಇರಲಿಲ್ಲ.

ಶ್ರಮದೊಂದಿಗೆ ಹೊಣೆಯೂ ಸದ್ದಿಲ್ಲದೆ ಕೈ ಬದಲಾಗುತ್ತದೆ ಎಂಬುದು ಇನ್ನೂ ಗಂಭೀರವಾದ ವಿಷಯ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 86ನೇ ಕಲಮು, ಸರಕಿನ ಜೋಡಣೆ, ಪರಿಶೀಲನೆಗಳಲ್ಲಿ ಸೂಕ್ತ ಎಚ್ಚರ ವಹಿಸದ ಕಾರಣಕ್ಕೆ ಹಾನಿಯಾದರೆ ಮಾರಾಟಗಾರನನ್ನು ಹೊಣೆಯಾಗಿಸುತ್ತದೆ. ಜೋಡಿಸುವವನು ಗಿರಾಕಿಯೇ ಆದಾಗ ಈ ರಕ್ಷಣೆಯ ಬಹುಭಾಗ ಕರಗುತ್ತದೆ. ಆಗ ಉಳಿಯುವುದು 84ನೇ ಕಲಮು: ಹಾನಿ ತಡೆಯಲು ಸಾಕಷ್ಟು ಬಳಕೆಯ ಸೂಚನೆಗಳಿಲ್ಲದಿದ್ದರೆ ತಯಾರಕ ಹೊಣೆ. ನನ್ನ ಡಬ್ಬಿಯಲ್ಲಿದ್ದ ಕೈಪಿಡಿಯಲ್ಲಿ ಚಿತ್ರಗಳಿದ್ದವು, ಹಲವು ಭಾಷೆಗಳಿದ್ದವು, ಕನ್ನಡವಿರಲಿಲ್ಲ. ಪೊಟ್ಟಣದ ಮೇಲಿನ ವಿವರ ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕೆನ್ನುವ 2011ರ ಪೊಟ್ಟಣ ಸರಕುಗಳ ನಿಯಮಗಳು ಇತರ ಭಾಷೆಗಳನ್ನು ಸೇರಿಸಲು ಅವಕಾಶ ಕೊಟ್ಟಿವೆ, ಕಡ್ಡಾಯ ಮಾಡಿಲ್ಲ. ಓದಲಾಗದ ಸೂಚನೆಯನ್ನು ಸಾಕಷ್ಟು ಸೂಚನೆ ಎಂದು ಹೇಗೆ ಕರೆಯುವುದು? ಮಗಳಿಗೆಂದು ಸೈಕಲ್ ಕೊಂಡ ತಂದೆಗೆ ಎಡ ಪೆಡಲಿನ ಗುಟ್ಟು ತಿಳಿಯದೆ, ಸಡಿಲವಾದ ಹ್ಯಾಂಡಲಿನೊಂದಿಗೆ ಆ ಮಗು ಇಳಿಜಾರಿನಲ್ಲಿ ಹೋದರೆ, ತೆರುವ ಬೆಲೆ ಯಾವ ರಸೀದಿಯಲ್ಲೂ ದಾಖಲಾಗುವುದಿಲ್ಲ.

ಪರಿಹಾರಗಳು ದುಬಾರಿಯಲ್ಲ. ಒಂದು, ಮಳಿಗೆಗಳು ಜೋಡಣೆಯ ಶುಲ್ಕವನ್ನು ಬೆಲೆಯ ಪಕ್ಕದಲ್ಲೇ ಪ್ರತ್ಯೇಕವಾಗಿ ತೋರಿಸಲಿ. ಗಿರಾಕಿ ತನ್ನ ಶ್ರಮ ಕೊಡಬೇಕೋ ಹಣ ಕೊಡಬೇಕೋ ಎಂದು ತಿಳಿದೇ ನಿರ್ಧರಿಸಲಿ. ಎರಡು, ಡಬ್ಬಿಯೊಂದಿಗೆ ಒಂದು ಹಾಳೆಯಷ್ಟು ಕನ್ನಡದ ಸೂಚನೆ ಇರಲಿ. ಮೂರು, ಮಕ್ಕಳ ಸೈಕಲ್ಲನ್ನು ಜೋಡಿಸಿ, ಪರೀಕ್ಷಿಸಿಯೇ ಕೊಡುವುದು ಕಡ್ಡಾಯವಾಗಲಿ. ನಾಲ್ಕನೆಯದು ನಗರಾಡಳಿತದ ಪಾಲು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ವ್ಯಾಖ್ಯೆಯಲ್ಲಿ ಸರಕು ಮಾರುವವರಷ್ಟೇ ಅಲ್ಲ, ಬೀದಿ ಬದಿಯಲ್ಲಿ ಸಾರ್ವಜನಿಕರಿಗೆ ಸೇವೆ ಒದಗಿಸುವವರೂ ಸೇರಿದ್ದಾರೆ. ಮರದ ಕೆಳಗಿನ ರಿಪೇರಿಗಾರರಿಗೆ ಪ್ರಮಾಣಪತ್ರವನ್ನೂ ನೆಲೆಯನ್ನೂ ಕೊಡಲು ಹೊಸ ಕಾನೂನು ಬೇಕಿಲ್ಲ, ಇರುವುದನ್ನು ಜಾರಿ ಮಾಡಿದರೆ ಸಾಕು. ಸರಣಿ ಮಳಿಗೆಗಳು ಕೂಡ ಪಟ್ಟಿ ಮಾಡಿದ ಸ್ಥಳೀಯ ರಿಪೇರಿಗಾರರಿಗೆ ಜೋಡಣೆಯ ಕೆಲಸ ವಹಿಸಿ ಕೂಲಿ ಕೊಡಬಹುದು.

ಅಗ್ಗದ ಸೈಕಲ್ಲನ್ನು ವಿರೋಧಿಸುವುದು ನನ್ನ ಉದ್ದೇಶವಲ್ಲ. ಸರಳ ರಚನೆಯ, ಸರಿಯಾಗಿ ಜೋಡಿಸಿದ ಸೈಕಲ್ ಇಂದಿಗೂ ಹಣಕ್ಕೆ ತಕ್ಕ ಮೌಲ್ಯ ಕೊಡುವ ವಾಹನ. ನನ್ನದು ದಿನವೂ ಅದನ್ನು ಸಾಬೀತುಪಡಿಸುತ್ತಿದೆ. ತೆರಿಗೆ ಇಳಿಸಿದ ಸರ್ಕಾರವೂ ಬೆಲೆ ಇಳಿಸಿದ ಮಳಿಗೆಯೂ ತಮ್ಮ ಪಾಲಿನ ಶ್ರೇಯ ಪಡೆಯಲಿ. ಆ ಸೈಕಲ್ಲನ್ನು ರಸ್ತೆಯ ಮೇಲೆ ಸುರಕ್ಷಿತವಾಗಿ ಓಡುವಂತೆ ಮಾಡುವ ಕೈಗಳಿಗೂ ಲೆಕ್ಕದಲ್ಲಿ ಒಂದು ಸಾಲು ಸಿಗಲಿ.